ಶುಕ್ರವಾರದ ಟೇಪು

ಶುಕ್ರವಾರದ ಟೇಪು ಆಫೀಸಿನಲ್ಲಿ ಇರಕೂಡದು ಎಂಬ ನಿಯಮ ಬರೆದವನು ಶ್ರೀಕರನೇ.

ಮೈಸೂರಿನ ಶ್ರೀಕರ ಡಚ್ ಊರಾದ ಕಾಪೆಲ್ಲೆ ಆನ್ ಡೆನ್ ಐಸೆಲ್‌ನಲ್ಲಿ ಹನ್ನೆರಡು ಜನರ ಒಂದು ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ. ಕಾಲುವೆಗಳಿಗೆ ಸಣ್ಣ ಸೇತುವೆಗಳ ನಕ್ಷೆ ತಯಾರಿಸುವುದು ಆ ಕಚೇರಿಯ ಕಸುಬು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಅವನು ಆರು ಪುಟದ ಯೋಜನೆ ಹಾಕಿಕೊಟ್ಟಿದ್ದ. ನಕ್ಷೆಗಳೆಲ್ಲ ಪ್ರತಿ ಸಂಜೆ ಒಂದು ಟೇಪಿಗೆ ನಕಲಾಗಬೇಕು. ಸೋಮವಾರದಿಂದ ಗುರುವಾರದವರೆಗಿನ ನಾಲ್ಕು ಟೇಪು ಡ್ರಾಯರಿನಲ್ಲಿ, ತಿಂಗಳ ಕೊನೆಯದು ಬ್ಯಾಂಕಿನ ಲಾಕರಿನಲ್ಲಿ, ಶುಕ್ರವಾರದ್ದು ಅವನ ಮನೆಯಲ್ಲಿ. ಆಫೀಸಿಗೆ ನೀರು ನುಗ್ಗಿದರೂ ಒಂದು ನಕಲು ಹೊರಗೆ ಉಳಿದಿರುತ್ತದೆ ಎಂದು ವಿವರಿಸಿದಾಗ, ಸಮುದ್ರಮಟ್ಟಕ್ಕಿಂತ ಕೆಳಗೇ ಹುಟ್ಟಿ ಬೆಳೆದ ಮಾಲೀಕ ಹೆಂಕ್ ಭಾವುಕನಾಗಿ ತಲೆಯಾಡಿಸಿದ್ದ.

ನೀರೇನೂ ನುಗ್ಗಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಕ್ಷೆಗಳೆಲ್ಲ ಇದ್ದ ಸರ್ವರ್ ಸುಮ್ಮನೆ ಕೆಂಪು ದೀಪ ಹಾಕಿಕೊಂಡು ಕೂತುಬಿಟ್ಟಿತು. ಅವತ್ತೇ ಸಂಜೆ ಐದರೊಳಗೆ ನಗರಸಭೆಗೆ ಒಂದು ಸೇತುವೆಯ ನಕ್ಷೆ ತಲುಪಬೇಕಿತ್ತು. ರಿಪೇರಿಯವನಿಗೆ ಫೋನ್ ಮಾಡಿದರೆ, ಡಿಸ್ಕು ಹೋಗಿರಬಹುದು, ಹೊಸದು ತರುತ್ತೇನೆ, ಅದಕ್ಕೆ ತುಂಬಲು ಟೇಪು ಸಿದ್ಧವಾಗಿಟ್ಟುಕೊಳ್ಳಿ ಎಂದ. ಗುರುವಾರದ್ದು ಡ್ರಾಯರಿನಲ್ಲಿತ್ತು. ಆದರೆ ಶುಕ್ರವಾರ ಇಡೀ ಕಚೇರಿ ಕೂತು ಸೇತುವೆಯ ಅಳತೆಗಳನ್ನೆಲ್ಲ ಬದಲಿಸಿ, ನಕ್ಷೆಯನ್ನು ಅರ್ಧದವರೆಗೆ ಹೊಸದಾಗಿ ಬರೆದಿತ್ತು.

"ಅರ್ಧ ಗಂಟೆಯಲ್ಲಿ ತರ್ತೀನಿ," ಎಂದು ಶ್ರೀಕರ ಸೈಕಲ್ ಹತ್ತಿದ. ಮುಂದಿನ ತಿಂಗಳು ಅವನ ಕಾಂಟ್ರಾಕ್ಟ್ ಮುಗಿಯುವುದಿತ್ತು. ಅದು ಮುಂದುವರಿಯದಿದ್ದರೆ ಆ ದೇಶದಲ್ಲಿರುವ ಪರ್ಮಿಟ್ಟೂ ಇಲ್ಲ. ಎದುರುಗಾಳಿ ಬೇರೆ, ಸಾಲ ವಸೂಲಿಗೆ ಬಂದವನ ಹಾಗೆ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳುತ್ತಿತ್ತು.

ತೇವ ತಾಗದಿರಲೆಂದು ಟೇಪನ್ನು ಅವನು ಅಡಿಗೆಮನೆಯ ಸ್ಟೀಲ್ ಡಬ್ಬಿಯಲ್ಲಿ ಇಡುತ್ತಿದ್ದ. ಈಗ ಡಬ್ಬಿ ತೆಗೆದರೆ ತುಂಬ ಹುರಿಗಡಲೆ. ಅವನು ಮೊಣಕೈವರೆಗೆ ಕೈ ಹಾಕಿ ತಳ ಮುಟ್ಟಿ ನೋಡಿದ.

ಒಳಗಿನ ಕೋಣೆಯಲ್ಲಿ ಮೀಟಿಂಗಿನಲ್ಲಿದ್ದ ಹೆಂಡತಿ ಗಾನವಿ ಕಿವಿಯಿಂದ ಹೆಡ್‌ಫೋನ್ ಸರಿಸಿದಳು. "ಅದರಲ್ಲಿದ್ದ ಕ್ಯಾಸೆಟ್ಟಾ? ಈ ಕಾಲದಲ್ಲಿ ಕ್ಯಾಸೆಟ್ ಯಾರು ಕೇಳ್ತಾರೆ ಅಂತ ಕೆಳಗಡೆ ಮನೆ ಅಕ್ಕು ಹತ್ರ ಕೊಟ್ಬಿಟ್ಟೆ. ಅವರು ಹಳೇ ಸಾಮಾನೆಲ್ಲ ಕೊಡೋಕೆ ಚೀಲ ತುಂಬ್ತಿದ್ರು."

"ಅದು ಆಫೀಸಿಂದು ಗಾನವಿ."

"ಆಫೀಸಿಂದು ಹುರಿಗಡಲೆ ಡಬ್ಬೀಲಿ ಯಾಕಿರುತ್ತೆ?"

ಅವನು ಎರಡೆರಡು ಮೆಟ್ಟಿಲು ಹಾರಿ ಕೆಳಮನೆಗೆ ಓಡಿದ. ಉಡುಪಿಯ ಅಕ್ಕು ಬಾಗಿಲು ತೆಗೆಯುವಷ್ಟರಲ್ಲಿ, ಅವತ್ತು ರಜೆ ಹಾಕಿದ್ದ ಅವರ ಗಂಡ ರಮಾನಾಥರು ಹಿಂದಿನಿಂದ ಇಣುಕಿದರು. ಯಾವ ವಸ್ತುವೂ ಅವರ ಕೈಗೆ ಸಿಕ್ಕು ಬಿಚ್ಚಿಸಿಕೊಳ್ಳದೆ ಪಾರಾದದ್ದಿಲ್ಲ.

"ಅದು ನಿಂದಾ ಮಾರಾಯ? ನಾನು ಬಿಚ್ಚಲಿಕ್ಕೆ ನೋಡಿದೆ. ಸ್ಕ್ರೂ ಎಂತದೋ ಸಣ್ಣದು ಉಂಟು, ನನ್ನ ಡ್ರೈವರ್ ಹಿಡೀಲಿಲ್ಲ."

ಶ್ರೀಕರನಿಗೆ ಹೋದ ಜೀವ ಬಂದಂತಾಯಿತು. "ಈಗ ಎಲ್ಲಿದೆ ಸರ್?"

"ಶನಿವಾರವೇ ಕ್ರಿಂಗ್‌ಲೋಪಿಗೆ ಕೊಟ್ಟಾಯ್ತಲ್ಲ, ಆ ಸೆಕೆಂಡ್‌ಹ್ಯಾಂಡ್ ಅಂಗಡಿಗೆ," ಎಂದರು ಅಕ್ಕು.

ಬಂದ ಜೀವ ವಾಪಸು ಹೋಯಿತು.

ಕಾರು ತೆಗೆಯುತ್ತೇನೆ, ನಿನಗೆ ಡಚ್ ಬರುವುದಿಲ್ಲ ಎಂದು ರಮಾನಾಥರು ತಾವಾಗಿಯೇ ಹೊರಟರು. ಅಂಗಡಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಸೋಮವಾರ ತೆರೆಯುವುದು ಮಧ್ಯಾಹ್ನ ಒಂದಕ್ಕೆ ಎಂದು ಚೀಟಿ ಅಂಟಿಸಿದ್ದರು. ಗಂಟೆ ಆಗ ಹತ್ತೂಮುಕ್ಕಾಲು.

ಇಬ್ಬರೂ ಕಾರಿನಲ್ಲಿ ಕಾದರು. ಶ್ರೀಕರನ ಫೋನು ಜೇಬಿನಲ್ಲಿ ಜೀರುಂಡೆಯಂತೆ ಒದ್ದಾಡಿತು. ಹೆಂಕ್. ಐದು ನಿಮಿಷ ಬಿಟ್ಟು ಮತ್ತೆ ಹೆಂಕ್.

"ತೆಗಿ ಮಾರಾಯ, ನಿನ್ನ ಧಣಿ."

"ತೆಗೆದು ಏನಂತ ಹೇಳ್ಲಿ ಸರ್? ಅರ್ಧ ಗಂಟೆ ಅಂತ ಬಂದವನು."

"ಟಯರ್ ಪಂಕ್ಚರ್ ಅಂತ ಹೇಳು."

"ಎರಡು ಗಂಟೆ ಪಂಕ್ಚರ್ ಇರುತ್ತಾ?"

"ಎರಡೂ ಟಯರ್ ಅನ್ನು."

ಹನ್ನೊಂದನೆಯ ಕರೆಯಾದ ಮೇಲೆ ಶ್ರೀಕರ ಫೋನನ್ನೇ ಆರಿಸಿಬಿಟ್ಟ. ಹೆಂಕ್ ಬಾಯಿಬಿಟ್ಟು ಬೈದವನಲ್ಲ. ಆದರೆ ಅವನು ಬೈಯುವುದನ್ನು ಮೊದಲ ಸಲ ಕೇಳುವವನು ತಾನಾಗುವುದು ಬೇಡವೆನಿಸಿತು.

ಒಂದು ಹೊಡೆಯಿತು. ಕ್ಯಾಸೆಟ್ಟುಗಳ ಬುಟ್ಟಿಯನ್ನು ಅವನು ಬುಡಮೇಲು ಮಾಡಿದ. ಹಾಡುಗಳಿದ್ದವು, ಪ್ರಾರ್ಥನೆಗಳಿದ್ದವು, ಸೇತುವೆ ಇರಲಿಲ್ಲ. ಅಷ್ಟರಲ್ಲಿ ರಮಾನಾಥರು ಮೊಣಕೈಯಿಂದ ತಿವಿದರು. ಗಲ್ಲಾಪೆಟ್ಟಿಗೆಯ ಮುಂದೆ ಉದ್ದನೆಯ ಮುದುಕನೊಬ್ಬ ನಿಂತಿದ್ದ. ಅವನ ಕೈಯಲ್ಲಿ ಶ್ರೀಕರನದೇ ಅಕ್ಷರದ ಚೀಟಿ ಹೊತ್ತ ಕಪ್ಪು ಟೇಪು.

ರಮಾನಾಥರು ಡಚ್ಚಿನಲ್ಲಿ ಮಾತಿಗಿಳಿದರು. ಮುದುಕ ತಲೆ ಅಲ್ಲಾಡಿಸಿದ. ಮಾತು ಬೆಳೆಯಿತು.

"ಏನಂತೆ ಸರ್?"

"ಅವರ ಊಟದ ಮೇಜಿನ ಒಂದು ಕಾಲು ಗಿಡ್ಡ ಉಂಟಂತೆ. ಇದರ ದಪ್ಪ ಸರಿಯಾಗ್ತದಂತೆ. ವರ್ಷದಿಂದ ಹುಡುಕ್ತಾ ಇದ್ದಾರಂತೆ."

ಮುದುಕ ಜೇಬಿನಿಂದ ಮಡಚುವ ಅಳತೆಕೋಲು ತೆಗೆದು ದಪ್ಪವನ್ನು ಸಾಬೀತು ಮಾಡಿ ತೋರಿಸಿದ. ಶ್ರೀಕರ ಅಂಗಡಿಯೆಲ್ಲ ಓಡಾಡಿ ಪುಸ್ತಕ, ಹೆಂಚು, ಮಣೆ, ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಅವನ ಮುಂದೆ ಸುರಿದ. ಮುದುಕ ಒಂದೊಂದನ್ನೂ ಅಳೆದ. ಒಂದು ಮಿಲಿಮೀಟರ್ ಹೆಚ್ಚು. ಎರಡು ಕಮ್ಮಿ. ಆರನೆಯದು, ಚೀಸ್ ಕತ್ತರಿಸುವ ಮರದ ಹಲಗೆ, ಕೂದಲಷ್ಟೂ ವ್ಯತ್ಯಾಸವಿಲ್ಲದೆ ಹೊಂದಿತು. ಹಲಗೆಯ ದುಡ್ಡು ಶ್ರೀಕರನೇ ಕೊಟ್ಟ. ಎರಡು ಗಂಟೆಗೆ ಟೇಪು ಕೈಗೆ ಬಂತು.

ಆಫೀಸಿನಲ್ಲಿ ಕುರ್ಚಿಗಳೆಲ್ಲ ಖಾಲಿ. ಊಟದ ಕೋಣೆಯಿಂದ ಮಾತು ಕೇಳಿಸುತ್ತಿತ್ತು. ಮುಖ ತೋರಿಸುವ ಮೊದಲು ಕೆಲಸ ಮುಗಿಸಿಬಿಡೋಣವೆಂದು ಅವನು ಬೆಕ್ಕಿನ ಹೆಜ್ಜೆಯಲ್ಲಿ ಸರ್ವರ್ ಕೋಣೆಗೆ ನುಸುಳಿ ಬಾಗಿಲು ಹಾಕಿಕೊಂಡ. ಹಸಿರು ದೀಪ ಉರಿಯುತ್ತಿತ್ತು. ಸದ್ಯ, ರಿಪೇರಿಯವನು ಹೊಸ ಡಿಸ್ಕು ಹಾಕಿ ಹೋಗಿದ್ದಾನೆ ಎಂದುಕೊಂಡ. ಟೇಪು ತೂರಿಸಿದ. ಪರದೆ ಡಚ್ಚಿನಲ್ಲಿ ಉದ್ದದ ಪ್ರಶ್ನೆಯೊಂದನ್ನು ಕೇಳಿತು. ಪದ ಪದ ಬಿಡಿಸಿ ಓದುವ ವ್ಯವಧಾನ ಯಾರಿಗಿತ್ತು? 'ಯಾ', ಅಂದರೆ ಹೌದು, ಎಂಬುದನ್ನು ಒತ್ತಿದ. ಇಪ್ಪತ್ತು ನಿಮಿಷ ಟೇಪು ಗುಂಯ್ ಎಂದು ಸುತ್ತಿತು, ಅವನು ಉಗುರು ಕಚ್ಚಿದ. ಕೊನೆಗೆ ಎಲ್ಲ ಕಡತಗಳೂ ತುಂಬಿವೆ ಎಂಬ ಸಾಲು ಮೂಡಿದಾಗ ಅವನ ಕಣ್ಣು ತೇವವಾಯಿತು.

ಬೆವರು ಒರೆಸಿಕೊಂಡು ಊಟದ ಕೋಣೆಗೆ ಹೋದರೆ ಹೆಂಕ್ ಕೇಕಿನ ತಟ್ಟೆ ಕೈಗಿತ್ತ.

"ಎಲ್ಲಿ ಹೋಗಿದ್ದೆ ಶ್ರೀಕರ? ಹನ್ನೊಂದು ಸಲ ಫೋನ್ ಮಾಡಿದೆ, ಟೇಪು ಬೇಡ ಅಂತ ಹೇಳೋಕೆ. ಡಿಸ್ಕು ಸರಿಯಾಗೇ ಇತ್ತು. ಒಂದು ಕೇಬಲ್ ಸಡಿಲವಾಗಿತ್ತಂತೆ, ಅಷ್ಟೆ. ಹತ್ತೂವರೆಗೆಲ್ಲ ಕೆಲಸ ಶುರು ಮಾಡಿದ್ವಿ. ಎಲ್ಲರೂ ಕೂತು ಈಗ ತಾನೆ ಸೇತುವೆ ಮುಗಿಸಿದ್ವಿ. ಕಳಿಸೋದೊಂದೇ ಬಾಕಿ, ಮಾರ್ಲೂಸ್ ಅದಕ್ಕೇ ಹೋದಳು. ನೀನು ಕೇಕ್ ತಿನ್ನು."

ಶ್ರೀಕರನ ಬಾಯಲ್ಲಿ ಆಗಲೇ ಒಂದು ತುತ್ತು ಇತ್ತು.

ನಕ್ಷೆಗಾರ್ತಿ ಮಾರ್ಲೂಸ್ ಬಾಗಿಲಲ್ಲಿ ಕಾಣಿಸಿಕೊಂಡಳು. ಮುಖ ಬಿಳಿಚಿಕೊಂಡಿತ್ತು.

"ಹೆಂಕ್, ಒಂದ್ನಿಮಿಷ ಬರ್ತೀರಾ? ನಮ್ಮ ಸೇತುವೆ ಕಾಲುವೆ ಮಧ್ಯದಲ್ಲೇ ನಿಂತುಬಿಟ್ಟಿದೆ. ಆ ಕಡೆಯ ಅರ್ಧ ಇಲ್ಲ."

ಗಂಟೆ ಮೂರಾಗಿತ್ತು. ಎಲ್ಲರೂ ಎದ್ದು ನಿಂತರು. ಶ್ರೀಕರ ತುತ್ತು ನುಂಗಿ, ತಟ್ಟೆಯನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟ.

"ಶುಕ್ರವಾರದ ಟೇಪಿನಲ್ಲಿ," ಎಂದ, "ಅದು ಅಲ್ಲಿಗೇ ನಿಂತಿತ್ತು."