ಭರಮಸಾಗರಕ್ಕೆ ಬಂದ ಹಂದಿಮೀನು

ನನ್ನ ಸೋದರಮಾವನಿಗೆ ಈಜು ಬರುವುದಿಲ್ಲ. ಊರ ಕೆರೆಯಲ್ಲೂ ಮೊಣಕಾಲಿಗಿಂತ ಆಳಕ್ಕೆ ಇಳಿದವರಲ್ಲ. ಆದರೂ ಎಪ್ಪತ್ತರ ದಶಕದಲ್ಲಿ, ಡಾಲ್ಫಿನ್ ಬಳಗದ ಕಡಲ ಹಂದಿಮೀನು ಸತ್ತರೆ ಇಡೀ ಭರಮಸಾಗರದಲ್ಲಿ ಸೂತಕ ಹಿಡಿಯುತ್ತಿದ್ದವರು ಅವರೊಬ್ಬರೇ!

ಮಾವ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ರಜೆ ಬಂತೆಂದರೆ ಈರುಳ್ಳಿ ಲಾರಿ ಹತ್ತಿ ಕರಾವಳಿಗೆ ಹೊರಡುವರು. ಮೀನಿನ ಬಲೆಗೆ ಸಿಕ್ಕಿ ಸತ್ತವು, ದಡಕ್ಕೆ ಬಂದು ಬಿದ್ದವು, ಎಲ್ಲವನ್ನೂ ಅತ್ತೆಯ ಹೊಲಿಗೆ ಟೇಪಿನಿಂದ ಅಳೆದು ಬರೆದುಕೊಳ್ಳುವರು. ಆ ಟೇಪು ಮುಟ್ಟಿದ ರವಿಕೆಯನ್ನು ಅತ್ತೆ ಮೂರು ಸಲ ಒಗೆಯುತ್ತಿದ್ದರು.

'ಇವು ವೃಥಾ ಸಾಯುತ್ತಿವೆ, ದಯವಿಟ್ಟು ದಾಖಲಿಸಿ' ಎಂದು ಮಾವ ಮೀನಿನ ಕಚೇರಿಗೆ ಬರೆದರು. 'ಅದು ಮೀನಲ್ಲ' ಎಂದು ಉತ್ತರ ಬಂತು. ಕಾಡಿನ ಕಚೇರಿಗೆ ಬರೆದರು. 'ಸಮುದ್ರ ನಮ್ಮದಲ್ಲ' ಎಂದು ಬಂತು. ಎರಡಕ್ಕೂ ಮೊಹರು, ಎರಡಕ್ಕೂ ಸಹಿ! ಹಾಗಾದರೆ ಬಲೆಯಲ್ಲಿ ಉಸಿರುಕಟ್ಟಿ ಸಾಯಲು ಅದು ಯಾವ ಕಚೇರಿಯ ಅಪ್ಪಣೆ ಪಡೆದಿತ್ತು? ಆ ಕಾಗದಗಳನ್ನು ನಾನೇ ಓದಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ಮಾವನ ಅಪ್ಪ, ನನ್ನ ಅಜ್ಜ, ಕುರಿ ಕಾಯುವವರು. ಅವರ ಸಿಟ್ಟೇ ಬೇರೆ, ಅದು ಮಗನ ಈ ಹುಚ್ಚಿನ ಮೇಲೆ. ಒಂದು ಬೆಳಗ್ಗೆ ಮಾವನ ಪರಿಚಯದ ಲಾರಿಯವನು ಐಸಿನಲ್ಲಿ ಹೂತ ಹಂದಿಮೀನೊಂದನ್ನು ಕುರಿಹಟ್ಟಿಯ ಮುಂದೆ ಇಳಿಸಿ ಹೋದ. ಬೂದುಗಪ್ಪು ಮೈ, ಟಗರಿನಷ್ಟು ಗಾತ್ರ, ಮುಖದಲ್ಲಿ ನಗುವಿನಂಥದೇನೋ. ಮಾವ ಟೇಪು ಹಿಡಿದು ಬಂದರು.

"ಲೇ ಮೇಷ್ಟ್ರೇ, ಸತ್ತ ಮೀನಿಗೆ ಅಂಗಿ ಹೊಲಿಸ್ತೀಯೇನಪ್ಪ?" ಎಂದರು ಅಜ್ಜ.

"ಮೀನಲ್ಲಪ್ಪ. ನಮ್ಮ ಕುರಿ ಹಂಗೇ ಮರಿ ಹಾಕಿ ಹಾಲು ಕುಡಿಸ್ತೈತೆ."

"ಓಹೋ! ಕೆಚ್ಚಲು ಎಲ್ಲೈತೆ, ತೋರ್ಸು ನೋಡಾಣ!"

ಮಾವ ಬಾಲದ ಕಡೆ, ಹೊಟ್ಟೆಯ ಕೆಳಗಿದ್ದ ಎರಡು ಸಣ್ಣ ಸೀಳುಗಳನ್ನು ತೋರಿಸಿದರು. ಅಜ್ಜ ನಗುತ್ತಲೇ ಕುಕ್ಕರುಗಾಲಲ್ಲಿ ಕೂತು, ಕುರಿ ಹಿಂಡಿದ ಅಭ್ಯಾಸಕ್ಕೆ ಹೆಬ್ಬೆರಳಿನಿಂದ ಒತ್ತಿದರು.

ಹಾಲು ಬಂತು. ನಾನು ಎರಡು ಮಾರು ದೂರದಲ್ಲಿದ್ದೆ. ಕುರಿಯ ಹಾಲಿಗಿಂತ ಗಟ್ಟಿಯಾಗಿತ್ತು. ಅಜ್ಜನ ಬೆರಳಿಂದ ನಿಧಾನವಾಗಿ ಇಳಿಯಿತು.

ಅಜ್ಜನ ನಗು ನಿಂತಿತು. "ಮರಿ ಎಲ್ಲಪ್ಪ?"

ಮಾವ ಕಡಲಿದ್ದ ಪಡುವಣ ದಿಕ್ಕಿಗೆ ಕೈ ತೋರಿದರು.

"ತಾಯಿ ಸತ್ರೆ ನಾವು ಮರೀನ ಇನ್ನೊಂದು ಕುರಿಗೆ ಬಿಡ್ತೀವಿ. ಅಲ್ಲಿ ಯಾರು ಬಿಡ್ತಾರೆ?" ಎಂದರು ಅಜ್ಜ.

ಮಾವನ ಕೈಯಲ್ಲಿ ಟೇಪು ಸುಮ್ಮನೆ ಜೋತಾಡುತ್ತಿತ್ತು. ಅಜ್ಜ ಅದರ ತುದಿಯನ್ನು ತೆಗೆದುಕೊಂಡು, ಆ ಪ್ರಾಣಿಯ ಮೂತಿಯ ಮೇಲಿಟ್ಟು ಒತ್ತಿ ಹಿಡಿದರು.

"ಅಳೆ," ಎಂದರು. "ಹಾಲಿತ್ತು ಅಂತಾನೂ ಬರ್ಕೋ, ಮಗ."