ಅಪ್ಪನ ರೇಜರಿಗೆ ಕೆಂಪು ಚೀಟಿ

ಈ ಭೂಮಂಡಲದಲ್ಲಿ ಗಡ್ಡದ ರೇಜರುಗಳ ಬಗ್ಗೆ ಅಂತಿಮ ತೀರ್ಪು ಕೊಡಬಲ್ಲ ಮನುಷ್ಯ ಯಾರಾದರೂ ಇದ್ದರೆ ಅದು ನಾನೇ ಎಂದು ಈಚೆಗೆ ನನಗೆ ಖಾತ್ರಿಯಾಗಿತ್ತು! ನಗಬೇಡಿ. ತಮಿಳು ನೆಲದ ಅಂಬತ್ತೂರಿನ ಒಂದು ಬೇರಿಂಗ್ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷದಿಂದ ಕ್ವಾಲಿಟಿ ಕಂಟ್ರೋಲಿನಲ್ಲಿದ್ದೇನೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಚೀಟಿ ಕಟ್ಟಿ ಮೂಲೆಗೆ ತಳ್ಳುತ್ತೇನೆ. ಹರಿದಾಸ್ ಸಾರ್ ಬಂದರೆಂದರೆ ಲೇತ್ ಮಷೀನೂ ಮೈ ಸರಿಮಾಡಿಕೊಳ್ಳುತ್ತದೆ ಎಂದು ಅಲ್ಲಿ ಪ್ರತೀತಿ.

ನಮ್ಮಲ್ಲಿ ಇಪ್ಪತ್ತೈದು ವರ್ಷ ತುಂಬಿಸಿದವರಿಗೆ ಎಂ.ಡಿ. ಕೈಯಿಂದ ಶಾಲು, ಫಲಕ, ಜೊತೆಗೊಂದು ಫೋಟೋ. ಆ ಫೋಟೋ ರಿಸೆಪ್ಷನ್ನಿನ ಗೋಡೆಯ ಮೇಲೆ ಕಾರ್ಖಾನೆ ಇರುವ ತನಕ ಇರುತ್ತದೆ. ಮೂರು ವಾರ ಮುಂಚೆ ಸುತ್ತೋಲೆ ಬಂತು, ಈ ಸಲ ನನ್ನ ಸರದಿ. ಚಿರಕಾಲ ಗೋಡೆಯೇರುವ ಮುಖವನ್ನು ಅಂಗಡಿಯ ಬಾಗಿಲಲ್ಲಿ ತೂಗುಹಾಕಿರುವ ಪ್ಲಾಸ್ಟಿಕ್ ರೇಜರಿನಲ್ಲಿ ಕೆರೆದುಕೊಳ್ಳುವುದೇ? ಛೇ! ಒಂದೇ ಬ್ಲೇಡು ಇಟ್ಟು ತಿರುಗಿಸಿ ಮುಚ್ಚುವ, ಲೋಹದ, ಗಂಭೀರವಾದ ರೇಜರೇ ಆಗಬೇಕು. ಅದರಲ್ಲೂ ಸರ್ವೋತ್ತಮವಾದದ್ದು ಯಾವುದೆಂದು ಶಾಸ್ತ್ರೋಕ್ತವಾಗಿ ಪರೀಕ್ಷಿಸಿಯೇ ತೀರುತ್ತೇನೆಂದು ಘೋಷಿಸಿದೆ.

"ರೇಜರ್ ಯಾವುದಾದ್ರೇನ್ರೀ, ಮುಖ ಅದೇ ತಾನೆ?" ಎಂದಳು ಹೆಂಡತಿ ಸುಮೇಧಾ.

"ನಿನಗೆ ಅರ್ಥ ಆಗಲ್ಲ ಬಿಡು. ಇದು ಲೋಹಶಾಸ್ತ್ರ!"

ಮೂರು ರೇಜರುಗಳು ಬಂದವು. ಮೊದಲನೆಯದು ಸ್ಟೀಲಿನದು. ಕೈಗೆತ್ತಿಕೊಂಡೆ. ಅಬ್ಬಾ! ಎಲ್ಲೂ ಒಂದು ಗೀರಿಲ್ಲ, ಅಂಚಿನಲ್ಲಿ ಒಂದು ಮುಳ್ಳಿಲ್ಲ. ಎರಡನೆಯದು ಹಿತ್ತಾಳೆ, ದೇವರಮನೆಯ ಗಂಟೆಯಷ್ಟು ಭಾರ. ಮೂರನೆಯದರ ಕತ್ತಿನಲ್ಲಿ ಒಂದರಿಂದ ಒಂಬತ್ತರವರೆಗೆ ನಂಬರು. ತಿರುಗಿಸಿದರೆ ಬ್ಲೇಡಿನ ಕೆಳಗಿನ ಸಂದು ಕಣ್ಣಿಗೆ ಕಾಣದಷ್ಟೇ ಅಗಲವಾಗುತ್ತದೆ. ಗಡ್ಡ ಹೆರೆಯುವ ಒಂದು ಕ್ಷುಲ್ಲಕ ಕೆಲಸಕ್ಕೆ ಯಾರೋ ಪುಣ್ಯಾತ್ಮರು ಇಷ್ಟೊಂದು ತಲೆ ಓಡಿಸಿದ್ದಾರಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ನಿಜವಾಗಿ!

ಸ್ಪರ್ಧೆಗೆ ನಾಲ್ಕನೆಯ ಅಭ್ಯರ್ಥಿಯೂ ಇತ್ತು. ತೀರಿಹೋದ ನಮ್ಮಪ್ಪನ ರೇಜರು. ಬಚ್ಚಲುಮನೆಯ ಮೇಲಿನ ಗೂಡಿನಲ್ಲಿ ವರ್ಷಗಟ್ಟಲೆ ಕೂತು ಹೊಳಪೆಲ್ಲ ಹೋಗಿತ್ತು. ಅಳತೆಪಟ್ಟಿ ತೂರಿಸಿ ನೋಡಿದರೆ, ಒಂದು ಕಡೆಯ ಸಂದಿಗೂ ಇನ್ನೊಂದು ಕಡೆಯ ಸಂದಿಗೂ ಮಿಲಿಮೀಟರಿನ ಹತ್ತನೇ ಒಂದು ಭಾಗ ವ್ಯತ್ಯಾಸ! ನಮ್ಮ ಕಾರ್ಖಾನೆಯಲ್ಲಾಗಿದ್ದರೆ ಇಂಥ ಮಾಲು ಕಳಿಸಿದವನನ್ನು ಗೇಟಿನಿಂದಲೇ ಓಡಿಸುತ್ತಿದ್ದೆವು. ಆಫೀಸಿನಿಂದ ತಂದ ಕೆಂಪು ಚೀಟಿಯನ್ನು ದಾರದಿಂದ ಅದರ ಹಿಡಿಗೆ ಕಟ್ಟಿದೆ. 'ರಿಜೆಕ್ಟೆಡ್' ಎಂದು ಇಂಗ್ಲಿಷಿನಲ್ಲಿ ದಪ್ಪಕ್ಷರದ ಚೀಟಿ.

"ಅತ್ತೆ ನೋಡಿದ್ರೆ ಬೇಜಾರು ಮಾಡ್ಕೋತಾರೆ ರೀ."

"ಅಮ್ಮನಿಗೆ ಇಂಗ್ಲಿಷೂ ಬರಲ್ಲ, ರೇಜರಿನ ವಿಷಯವೂ ಗೊತ್ತಿಲ್ಲ. ಸುಮ್ನಿರು."

ಇನ್ನು ಪರೀಕ್ಷೆಯ ದಿನ. ನಮ್ಮಮ್ಮ ಗೋದಾಬಾಯಿಗೆ ಎಪ್ಪತ್ತೊಂಬತ್ತು ವರ್ಷ. ಕೈಯಲ್ಲಿ ಪಂಚಾಂಗ ಇರುವವರೆಗೆ ಈ ಮನೆಯ ಗಡ್ಡಗಳೆಲ್ಲ ಅವರ ಆಳ್ವಿಕೆಗೆ ಸೇರಿದವು. ಮಂಗಳವಾರ ಕೂಡದು, ಶುಕ್ರವಾರ ಕೂಡದು, ಶನಿವಾರ ಕೇಳಲೇಬೇಡಿ. ಏಕಾದಶಿ, ಅಮಾವಾಸ್ಯೆ, ನನ್ನ ಜನ್ಮನಕ್ಷತ್ರ ಎಲ್ಲ ಕಳೆದು ನೋಡಿದರೆ ದಿನಕ್ಕೊಂದು ರೇಜರ್ ಪರೀಕ್ಷಿಸಲು ಸಮಯವೇ ಇಲ್ಲ. ಆದ್ದರಿಂದ ಒಂದೇ ದಿನ, ಒಂದೇ ಮುಖ, ಮೂರು ಪ್ರಾಂತ್ಯ! ಎಡ ಗಲ್ಲ ಸ್ಟೀಲಿಗೆ, ಬಲ ಗಲ್ಲ ಹಿತ್ತಾಳೆಗೆ, ಗದ್ದ ನಂಬರಿನದಕ್ಕೆ. ಸೋಮವಾರ ಪರೀಕ್ಷೆ, ಗುರುವಾರ ಗೆದ್ದ ರೇಜರಿನಿಂದ ಪೂರ್ಣ ಕ್ಷೌರ, ಶುಕ್ರವಾರ ಫೋಟೋ. ಪರೀಕ್ಷೆಗೆ ಮಾಲು ಸಾಕಷ್ಟಿರಲಿ ಎಂದು ಹತ್ತು ದಿನ ಗಡ್ಡ ಬಿಟ್ಟಿದ್ದೆ.

ಸೋಮವಾರ ಬೆಳಿಗ್ಗೆ ಬಿಸಿನೀರು, ಬ್ರಷ್ಷು, ನೊರೆ. ಸ್ಟೀಲಿನ ರೇಜರನ್ನು ಎಡ ಗಲ್ಲದ ಮೇಲಿಟ್ಟೆ. ಒತ್ತಲೇ ಇಲ್ಲ, ಅದರ ಭಾರಕ್ಕೆ ಅದೇ ಇಳಿಯಿತು. ಹಿಂದೆ ನುಣ್ಣನೆಯ ಹಾದಿ! ಕನ್ನಡಿಯಲ್ಲಿ ನನ್ನ ಎಡ ಗಲ್ಲವನ್ನು ನೋಡಿ ನಾನೇ ದಂಗಾದೆ. ಹಿತ್ತಾಳೆಯದನ್ನು ಕೈಗೆತ್ತಿಕೊಂಡು ಬಲಗಡೆಗೆ ತಿರುಗಿದೆ, ಹೊರಗೆ ಫೋನ್ ಹೊಡೆದುಕೊಂಡಿತು.

"ಹರೀ! ಕೈ ಕೆಳಗಿಡು!" ಅಮ್ಮ ಬಚ್ಚಲಿನ ಬಾಗಿಲಿಗೇ ಬಂದುಬಿಟ್ಟರು. "ತಿರುವೊಟ್ಟಿಯೂರಿಂದ ನಿಮ್ಮಣ್ಣ ಗುರುಚರಣನ ಫೋನು. ಸತ್ಯಾತ್ಮನಿಗೆ ಗಂಡು ಮಗು! ವೃದ್ಧಿ ಬಂತು ಕಣೋ. ಇನ್ನು ಹತ್ತು ದಿನ ಬ್ಲೇಡು ಮುಟ್ಟಕೂಡ್ದು!"

ಮಗು ಹುಟ್ಟಿದಾಗ ದಾಯಾದಿಗಳಿಗೆ ಬರುವ ಸೂತಕಕ್ಕೆ ನಮ್ಮವರು ವೃದ್ಧಿ ಎನ್ನುತ್ತಾರೆ. ಸತ್ಯಾತ್ಮ ನನ್ನ ಅಣ್ಣನ ಮಗ. ತಪ್ಪಿಸಿಕೊಳ್ಳುವ ಹಾಗೇ ಇಲ್ಲ.

"ಅಮ್ಮಾ, ಅರ್ಧ ಆಗಿದೆ! ಇನ್ನೆರಡೇ ನಿಮಿಷ!"

"ಫೋನ್ ಬರೋಕ್ಕೆ ಮುಂಚೆ ಆದದ್ದು ಆಯ್ತು. ಕಿವಿಗೆ ಬಿದ್ಮೇಲೆ ಒಂದು ಕೂದಲೂ ಕೂಡ್ದು."

"ಶುಕ್ರವಾರ ಫೋಟೋ ಇದೆಯಮ್ಮಾ!"

"ನನ್ನ ಮೊದಲನೇ ಮರಿಮಗ ಕಣೋ. ಎರಡೂವರೆ ಕಿಲೋ ಇದೆಯಂತೆ ಕೂಸು. ಅದಕ್ಕಿಂತ ನಿನ್ನ ಗಲ್ಲ ದೊಡ್ಡದಾ?"

ಎರಡೂವರೆ ಕಿಲೋ ಕೂಸಿನ ಎದುರು ಯಾವ ಗಲ್ಲ ತಾನೆ ವಾದ ಮಾಡೀತು? ನೊರೆ ತೊಳೆದುಕೊಂಡು ಹೊರಗೆ ಬಂದೆ. ಮಗಳು ಭಾವನಾ ಒಂದು ಸಲ ಎಡಗಡೆಯಿಂದ, ಒಂದು ಸಲ ಬಲಗಡೆಯಿಂದ ನೋಡಿದಳು. ನಾವು ಕನ್ನಡದಲ್ಲಿ ಮಾತಾಡಿಸಿದರೆ ಅವಳು ಉತ್ತರ ಕೊಡುವುದು ತಮಿಳಿನಲ್ಲೇ.

"ಅಪ್ಪಾ, ಬಿಫೋರ್-ಆಫ್ಟರ್ ವಿಳಂಬರಂ ಮಾದಿರಿ ಇರುಕ್ಕೆ!"

ಜಾಹೀರಾತಂತೆ! ಹೆತ್ತ ಮಗಳು!

ನಾಲ್ಕು ದಿನ ಮಾಸ್ಕ್ ಹಾಕಿಕೊಂಡು ಆಫೀಸಿಗೆ ಹೋದೆ. ಕೇಳಿದವರಿಗೆಲ್ಲ ಕೆಮ್ಮಿ ತೋರಿಸಿದೆ. ಶುಕ್ರವಾರ ವೇದಿಕೆಯ ಮೇಲೂ ಮಾಸ್ಕಿನಲ್ಲೇ ಶಾಲು ಹೊದಿಸಿಕೊಂಡೆ. ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ಎಂ.ಡಿ. ಪ್ರೀತಿಯಿಂದ ಬೆನ್ನು ತಟ್ಟಿದರು. "ಹರಿದಾಸ್, ಫೋಟೋವುಕ್ಕು ಮಾಸ್ಕ್ ಎಡುತ್ತುಡುಂಗ!"

ತೆಗೆದೆ. ಎಡಗಡೆ ನಾಲ್ಕು ದಿನದ ಹುಲ್ಲು, ಬಲಗಡೆ ಹದಿನಾಲ್ಕು ದಿನದ ಕಾಡು. ಇನ್ನೂರು ಜನರ ಸಭೆ ಕತ್ತು ಚಾಚಿತು. ನಾನು ಉಪಾಯವಾಗಿ ಎಡಗಲ್ಲವನ್ನಷ್ಟೇ ಕ್ಯಾಮೆರಾಕ್ಕೆ ಕೊಟ್ಟು ದೂರದ ಭವಿಷ್ಯವನ್ನು ನೋಡುವವನಂತೆ ನಿಂತೆ.

"ನೇರಾ ಪಾರುಂಗ ಸಾರ್!" ಎಂದ ಫೋಟೋದವನು. ನೇರ ನೋಡಿದೆ. ಕ್ಲಿಕ್!

ಕ್ವಾಲಿಟಿ ಕಂಟ್ರೋಲಿನಲ್ಲಿ ನನ್ನ ಪಕ್ಕದ ಸೀಟಿನ ಅರವಿಂದ್ ನನ್ನ ಕೈ ಹಿಡಿದುಕೊಂಡು, "ಸಾರ್, ಒಂದೇ ಪೀಸು, ಅರ್ಧ ಪಾಸು, ಅರ್ಧ ಫೇಲು. ಯಾವ ರಿಜಿಸ್ಟರಲ್ಲಿ ಬರೀಲಿ?" ಎಂದ.

ಹನ್ನೊಂದನೆಯ ದಿನ, ಗುರುವಾರ, ವೃದ್ಧಿ ಕಳೆಯಿತು. ಸೂರ್ಯ ಹುಟ್ಟಿದ್ದೇ ತಡ, ಹಿತ್ತಾಳೆಯ ರೇಜರನ್ನು ಹಿಡಿದು ಸೇಡು ತೀರಿಸಿಕೊಳ್ಳುವವನಂತೆ ಬಲ ಗಲ್ಲಕ್ಕೆ ನುಗ್ಗಿದೆ. ಮೂರು ವಾರದ ಕಾಡಿನಲ್ಲಿ ಅದು ಎರಡು ಹೆಜ್ಜೆ ನಡೆದು ನಿಂತಿತು. ಎಳೆದೆ. ಬರಲಿಲ್ಲ. ಜೋರಾಗಿ ಎಳೆದೆ.

"ಅಮ್ಮಾ!"

ಐವತ್ತೆರಡು ವರ್ಷದ ಗಂಡಸು ಹಾಗೆ ಕೂಗಬಾರದು. ಆದರೆ ರಕ್ತ ನನ್ನದು. ಅಮ್ಮ ಬಂದು ನೋಡಿದರು. ಗಾಯಕ್ಕೆ ಪಟಿಕದ ತುಂಡು ಒತ್ತಿದರು.

"ಉದ್ದ ಗಡ್ಡಕ್ಕೆ ಮೊದಲು ಕತ್ತರಿ ಹಾಕ್ಬೇಕು ಅನ್ನೋದೂ ಗೊತ್ತಿಲ್ವೇನೋ? ಸುಮೇಧಾ, ಸ್ಟೂಲ್ ತಾ. ಬಿಸಿನೀರಲ್ಲಿ ಟವೆಲ್ ಹಿಂಡಿ ತಾ."

ನನ್ನನ್ನು ಕೂರಿಸಿದರು. ಕತ್ತರಿ ಕಚಕಚ ಆಡಿತು. ಬಿಸಿ ಟವೆಲ್ ಮುಖಕ್ಕೆ ಬಂತು. ಆಮೇಲೆ ಅಮ್ಮ ಗೂಡಿಗೆ ಕೈಹಾಕಿ ಅಪ್ಪನ ರೇಜರು ತೆಗೆದರು. ಕಟ್ಟಿದ್ದ ಚೀಟಿಯನ್ನು ಕಿತ್ತು ಪಕ್ಕಕ್ಕಿಟ್ಟರು, ಹೊಸ ಬ್ಲೇಡನ್ನು ನೋಡದೆಯೇ ಹಾಕಿ ತಿರುಗಿಸಿದರು.

"ಅಮ್ಮಾ, ಅದರಲ್ಲಿ ದೋಷ ಇದೆ. ಎರಡು ಕಡೆ ಒಂದೇ ಸಮ ಇಲ್ಲ..."

"ನಂಗೊತ್ತಿಲ್ವಾ? ಕೆಳಗೆ ಬಿದ್ದು ಒಂದು ಕಡೆ ಬಗ್ತು. ಆ ಕಡೆ ಮೆತ್ತಗೆ, ಈ ಕಡೆ ಚುರುಕು. ನಿಮ್ಮಪ್ಪನಿಗೆ ಪಾರ್ಶ್ವವಾಯು ಬಡಿದು ಒಂದು ಗಲ್ಲ ಜೋತುಬಿದ್ದಿತ್ತಲ್ಲ, ಅದಕ್ಕೆ ಮೆತ್ತಗಿನ ಕಡೆ. ಇನ್ನೊಂದಕ್ಕೆ ಚುರುಕಿಂದು. ನಾಲ್ಕು ವರ್ಷ ಒಂದು ಗೀರು ಬಿದ್ದಿಲ್ಲ. ಬಾಯ್ಮುಚ್ಚು ಈಗ. ನಾಲಿಗೇನ ಒಳಗಿಂದ ಗಲ್ಲಕ್ಕೆ ಒತ್ತು."

ಬಾಯಿ ಮುಚ್ಚಿದೆ. ಆ ನಾಲ್ಕು ವರ್ಷವೂ ಅಪ್ಪನ ಗಲ್ಲ ನುಣ್ಣಗಿರುತ್ತಿತ್ತು. ನಾನು ಬೆಳಗಿನ ಶಿಫ್ಟಿಗೆ ಕತ್ತಲಲ್ಲೇ ಹೊರಡುತ್ತಿದ್ದೆ. ಸಲೂನಿನವನು ಮನೆಗೆ ಬರುತ್ತಾನೆ ಎಂದುಕೊಂಡಿದ್ದೆ. ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಮೂರು ವಾರದ ಬಲ ಗಲ್ಲಕ್ಕೆ ಚುರುಕಿನ ಕಡೆ, ಹತ್ತು ದಿನದ ಎಡ ಗಲ್ಲಕ್ಕೆ ಮೆತ್ತಗಿನ ಕಡೆ. ಅಮ್ಮನ ಸುಕ್ಕುಗಟ್ಟಿದ ಎರಡು ಬೆರಳು ಚರ್ಮವನ್ನು ಹಿಗ್ಗಿಸಿದ್ದೇ ಗೊತ್ತಾಗಲಿಲ್ಲ, ರೇಜರು ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಭಾವನಾ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದಳು. ತಮಿಳು ಕೂಡ ಹೊರಡಲಿಲ್ಲ! ಕನ್ನಡಿ ನೋಡಿಕೊಂಡೆ. ಇಪ್ಪತ್ತೈದು ವರ್ಷದಲ್ಲಿ ನನ್ನ ಕೈಗೆ ಬಂದ ಯಾವ ಬೇರಿಂಗೂ ಅಷ್ಟು ನುಣುಪಾಗಿರಲಿಲ್ಲ. ಸ್ಟೀಲು, ಹಿತ್ತಾಳೆ, ನಂಬರು ಮೂರೂ ಕಪಾಟಿನ ಮೇಲೆ ತಲೆತಗ್ಗಿಸಿ ಕೂತ ಹಾಗೆ ಕಂಡವು.

ಅಮ್ಮ ರೇಜರು ತೊಳೆದು, ಸೆರಗಿನಲ್ಲಿ ಒರೆಸಿ ಗೂಡಿಗೆ ಸೇರಿಸಿದರು. ಆಮೇಲೆ ಪಕ್ಕದಲ್ಲಿದ್ದ ಕೆಂಪು ಚೀಟಿ ಕಣ್ಣಿಗೆ ಬಿತ್ತು. ಎತ್ತಿಕೊಂಡು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಸುಮೇಧಾ, ಆಫೀಸಿನ ಚೀಟಿ ಇದ್ದಂಗಿದೆ. ಏನಂತ ಬರೆದಿದೆ ಇದ್ರಲ್ಲಿ?"

ಸುಮೇಧಾ ನನ್ನ ಕಡೆ ನೋಡಿದಳು. ನಾನು ಕಣ್ಣಲ್ಲೇ ಕೈಮುಗಿದೆ.

"ಇವ್ರ ಹೆಸರು ಅತ್ತೆ," ಎಂದಳು.

"ಹಂಗಾದ್ರೆ ಜೋಪಾನವಾಗಿಟ್ಕೊಳೋ," ಎಂದು ಅಮ್ಮ ಆ ಚೀಟಿಯನ್ನು ನನ್ನ ಅಂಗಿಯ ಗುಂಡಿಗೇ ಕಟ್ಟಿದರು.