ಬ್ಯಾಂಕಿನ ಕಾಗದಕ್ಕೆ ಅತ್ತೆ ಕೊಟ್ಟ ಅಂಕ

ನನ್ನ ಸೋದರತ್ತೆಯ ಕೈಗೆ ಸಿಕ್ಕರೆ ಬ್ರಹ್ಮ ಬರೆದ ಹಣೆಬರಹದಲ್ಲೂ ನಾಲ್ಕು ಕಾಗುಣಿತದ ತಪ್ಪು ಹೊರಡುತ್ತವೆ! ಉತ್ಪ್ರೇಕ್ಷೆ ಅನ್ನುತ್ತೀರಾ? ಹಾಗಾದರೆ ನೀವು ಅವರನ್ನು ಕಂಡಿಲ್ಲ. ಕಂಡಿದ್ದರೆ ನಿಮ್ಮ ಮನೆಯ ನಾಮಫಲಕವೋ ಕಿರಾಣಿ ಚೀಟಿಯೋ ಇಷ್ಟು ಹೊತ್ತಿಗೆ ಕೆಂಪಾಗಿರುತ್ತಿತ್ತು.

ಅತ್ತೆ ನಮ್ಮಪ್ಪನ ತಂಗಿ, ಪ್ರೈಮರಿ ಶಾಲೆಯ ಮೇಡಂ. ಮದುವೆಯಾಗಲಿಲ್ಲ. ಮೊದಲು ಸಂತೆಮರಹಳ್ಳಿಯಲ್ಲಿದ್ದರು, ಆಮೇಲೆ ಗುಂಡ್ಲುಪೇಟೆಗೆ ವರ್ಗವಾಗಿ ಬಂದರು. ಅವರ ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆ ಇಲ್ಲದಿರಬಹುದು, ಕೆಂಪು ಪೆನ್ನು ಇಲ್ಲದ ದಿನ ಇಲ್ಲ. ನನ್ನ ಮದುವೆಯ ಕರೆಯೋಲೆಯಲ್ಲಿ ಪ್ರೆಸ್ಸಿನವನು 'ಶುಭ ವಿವಾಹ'ದ ಬದಲು 'ಶುಭ ವಿವಾದ' ಎಂದು ಅಚ್ಚು ಹಾಕಿಬಿಟ್ಟಿದ್ದ. ಅತ್ತೆ ಒಂದು ಮಧ್ಯಾಹ್ನವಿಡೀ ಕೂತು ಮುನ್ನೂರು ಕಾರ್ಡುಗಳನ್ನೂ ಕೈಯಾರೆ ತಿದ್ದಿದರು. ತಿದ್ದದೆ ಬಿಟ್ಟಿದ್ದರೇ ಸರಿಯಿತ್ತು ಎಂದು ನನ್ನ ಗಂಡ ಇವತ್ತಿಗೂ ಹೇಳುತ್ತಾರೆ.

ಆದರೆ ಇಂಥ ಅತ್ತೆಯ ಮಾತು ಕೇಳಬೇಕು ನೀವು! ಬರಹದಲ್ಲಿ ಒಂದು ಒತ್ತು ತಪ್ಪಿದರೆ ಸಿಡಿಯುವವರು ಬಾಯಿ ತೆರೆದರೆ ಅಪ್ಪಟ ನಮ್ಮ ಸೀಮೆಯವರು. ಗುಂಡ್ಲುಪೇಟೆಯ ಬೇಕರಿಯೊಂದರ ಮುಂದೆ 'ಇಲ್ಲಿ ಕೇಕ್ ಹಾರ್ಡರ್ ತೆಗೆದುಕೊಳ್ಳಲಾಗುವುದು' ಎಂಬ ಬೋರ್ಡು ತೂಗಿತ್ತು. ಅತ್ತೆ ಕೌಂಟರಿಗೇ ನುಗ್ಗಿದರು.

"ಯಾರ್ಲಾ ಇಲ್ಲಿ ಹಕಾರ ಆಕಿರಾದು? ಮೊದ್ಲು ಅದ್ನ ಅಳ್ಸಾಕು!"

ಬೇಕರಿಯ ಹುಡುಗನಿಗಿಂತ ಮೊದಲು ನಾನೇ ನಕ್ಕೆ. "ಅತ್ತೆ, ಅವನು ಹೆಚ್ಚಿಗೆ ಹಾಕಿದ ಹಕಾರ ನೀವು ಬಿಟ್ಟಿದ್ದೇ ಅಲ್ವಾ?"

"ಮಾತಾಡಾದು ಬ್ಯಾರೆ, ಬರಿಯಾದು ಬ್ಯಾರೆ ಕಣಮ್ಮಿ. ಮಾತು ಗಾಳೀಲಿ ಓಗ್ಬುಡ್ತದೆ. ಬರ್ದಿದ್ದು ಅಂಗೇ ನಿಂತ್ಕತದೆ."

ಇದನ್ನೆಲ್ಲ ಸುಮ್ಮನೆ ನಕ್ಕು ಮರೆಯಬಹುದಿತ್ತು. ಆದರೆ ಬರೆದಿದ್ದು ಹಾಗೇ ನಿಂತುಕೊಂಡರೆ ಏನಾಗುತ್ತದೆ ಎಂದು ನಾವಿಬ್ಬರೂ ಆ ವರ್ಷವೇ ನೋಡಬೇಕಾಗಿ ಬಂತು.

ಅತ್ತೆ ಬಾಡಿಗೆಗಿದ್ದ ಮನೆಯ ಯಜಮಾನರು ಹುಣಸೆಹಣ್ಣಿನ ವ್ಯಾಪಾರಿ, ಗುಂಡ್ಲುಪೇಟೆಯ ಹಳೇ ಸಾಬರ ಮನೆತನದವರು. ಮೈಸೂರಿನ ಮಗನ ಹತ್ತಿರ ಹೋಗಿ ಇರಲು ನಿರ್ಧರಿಸಿ ಮನೆ ಮಾರಾಟಕ್ಕಿಟ್ಟರು. ಕೇರಳದ ತರಕಾರಿ ವ್ಯಾಪಾರಿಯೊಬ್ಬ ಅದನ್ನು ಗೋದಾಮು ಮಾಡಿಕೊಳ್ಳುತ್ತೇನೆಂದು ನೋಟಿನ ಕಟ್ಟು ಹಿಡಿದೇ ಬಂದಿದ್ದ. ಆದರೂ ಯಜಮಾನರು ಮೊದಲು ಅತ್ತೆಯ ಬಾಗಿಲು ತಟ್ಟಿದರು.

"ಟೀಚರಮ್ಮ, ನನ್ನ ಮೂರು ಮೊಮ್ಮಕ್ಕಳಿಗೂ ಅಕ್ಷರ ಕಲಿಸಿದ್ದೀರಿ. ನೀವು ತಗೋತೀರಿ ಅಂದ್ರೆ ರಂಜಾನ್ ಹಬ್ಬದ ತನಕ ಕಾಯ್ತೀನಿ. ಅದಾದ ಮೇಲೆ ನನ್ನ ಕೈಲೂ ಆಗಲ್ಲ."

ಹಬ್ಬಕ್ಕೆ ಎರಡೂವರೆ ತಿಂಗಳಿತ್ತು. ಅತ್ತೆ ಚಾಮರಾಜನಗರದ ಬ್ಯಾಂಕಿಗೆ ಗೃಹಸಾಲದ ಅರ್ಜಿ ಹಾಕಿದರು. ನಾನು ಆಗ ಚಾಮರಾಜನಗರದಲ್ಲೇ ಕಾಲೇಜಿನ ಕಚೇರಿಯೊಂದರಲ್ಲಿ ಗುಮಾಸ್ತೆ. ಸರ್ಕಾರಿ ಕೆಲಸ, ತಿಂಗಳಾದರೆ ಸಂಬಳ, ನಿವೃತ್ತಿಗೆ ಇನ್ನೂ ಹತ್ತು ವರ್ಷ. ಸಾಲ ಸಿಗದೆ ಎಲ್ಲಿಗೆ ಹೋಗುತ್ತದೆ ಎಂದು ಧೈರ್ಯ ಹೇಳಿದೆ. ಮೂರನೇ ವಾರಕ್ಕೆ ಕರೆ ಬಂತು: ಅರ್ಜಿ ತಿರಸ್ಕೃತವಾಗಿದೆ!

ಇಬ್ಬರೂ ಬ್ಯಾಂಕಿಗೆ ಓಡಿದೆವು. ಕಂಪ್ಯೂಟರ್ ಹೇಳಿದ್ದನ್ನೆಲ್ಲ ಬ್ಯಾಂಕುಗಳು ಆಗತಾನೇ ವೇದವಾಕ್ಯದಂತೆ ನಂಬತೊಡಗಿದ್ದ ಕಾಲ. ಯಾರು ಎಲ್ಲಿ ಸಾಲ ಮಾಡಿದರು, ತೀರಿಸಿದರೋ ಇಲ್ಲವೋ ಎಂದು ದೇಶದವರ ಸಾಲದ ಜಾತಕವನ್ನೆಲ್ಲ ಬರೆದಿಡುವ ಕಚೇರಿಯೊಂದು ಮುಂಬೈಯಲ್ಲಿದೆಯಂತೆ. ಮ್ಯಾನೇಜರು ಅಲ್ಲಿಂದ ತರಿಸಿದ ಇಂಗ್ಲಿಷ್ ಹಾಳೆಯನ್ನು ನಮ್ಮ ಮುಂದೆ ತಿರುಗಿಸಿ ಇಟ್ಟರು.

"ಮೇಡಂ, ನೀವು ಸಂತೆಮರಹಳ್ಳಿಯಲ್ಲಿದ್ದಾಗ ಮೊಪೆಡ್ಡಿಗೆ ಸಾಲ ತಗೊಂಡಿದ್ದೀರಿ. ಅದು ತೀರಿಲ್ಲ ಅಂತಿದೆ. ಇದರ ಪ್ರಕಾರ ನೀವು ಸುಸ್ತಿದಾರರು."

"ಸುಸ್ತಾ? ದಿನಕ್ಕೆ ಏಳು ಪೀರಿಯಡ್ ನಿಂತ್ಕಂಡೇ ಪಾಟ ಮಾಡ್ತೀನಿ ಸಾರ್, ನಂಗ್ಯಾವ ಸುಸ್ತು? ಆ ಸಾಲ ಕೊನೆ ಕಂತಿನವರ್ಗೂ ಕಟ್ಬುಟ್ಟು, ಆಮೇಲೇ ಗಾಡಿ ಮಾರಿದ್ದು!"

"ಇರಬಹುದು. ಆದರೆ ಕಡತದಲ್ಲಿ ಹಾಗಿಲ್ಲವಲ್ಲ?"

ಅತ್ತೆ ಹಾಳೆಯನ್ನು ಹತ್ತಿರಕ್ಕೆಳೆದುಕೊಂಡರು. ಕನ್ನಡಕ ಏರಿಸಿದರು. ನೋಡನೋಡುತ್ತಿದ್ದಂತೆ ಅವರ ಬಲಗೈ ಬ್ಯಾಗಿನೊಳಗೆ ಇಳಿಯಿತು! ನಾನು "ಅತ್ತೆ..." ಅನ್ನುವಷ್ಟರಲ್ಲಿ ಕೆಂಪು ಪೆನ್ನು ಹಾಳೆಯ ಮೇಲಿತ್ತು. ವಿಳಾಸ ಹತ್ತು ವರ್ಷ ಹಳೆಯದು, ಅಡ್ಡಗೆರೆ. ಅಪ್ಪನ ಹೆಸರಿನಲ್ಲಿ ಒಂದಕ್ಷರ ನುಂಗಿದ್ದರು, ಸುತ್ತು. ಮುಂದಿನ ಸಾಲಿನಲ್ಲಿ ಲಿಂಗ: ಪುರುಷ.

ಅತ್ತೆ ಪೆನ್ನನ್ನು ಅಲ್ಲೇ ನಿಲ್ಲಿಸಿದರು.

"ನಂಗ್ ಯಾಕ್ ಮದ್ವೆ ಆಗ್ನಿಲ್ಲ ಅಂತ ಈಗ ಗೊತ್ತಾಯ್ತು ನೋಡಮ್ಮಿ! ಮುಂಬೈಯೋರು ಮೊದ್ಲೇ ಒಂದ್ ಮಾತು ಯೋಳಿದ್ರೆ ನಿಮ್ಮಪ್ಪ ಗಂಡು ಉಡುಕ್ಕಂಡು ಚಪ್ಪಲಿ ಸವಿಸ್ತಿರ್ನಿಲ್ಲ."

ಪಕ್ಕದ ಮೇಜಿನ ಗುಮಾಸ್ತ ಕೆಮ್ಮಿದಂತೆ ನಟಿಸಿದ. ಅತ್ತೆ ಹಾಳೆಯ ಕೆಳಗೆ 'ಹತ್ತಕ್ಕೆ ಮೂರು. ತಿದ್ದಿ ಬರೆಯಿರಿ' ಎಂದು ಬರೆದು ಸಹಿ ಹಾಕಿ ಮ್ಯಾನೇಜರಿಗೆ ತಳ್ಳಿದರು. ಮ್ಯಾನೇಜರು ಆ ಹಾಳೆಯನ್ನೂ ಅತ್ತೆಯನ್ನೂ ಮತ್ತೆ ಮತ್ತೆ ನೋಡಿದರು.

"ಮೇಡಂ, ನಾನು ನಂಬ್ತೀನಿ. ಕಂಪ್ಯೂಟರ್ ನಂಬಲ್ಲ. ಆ ಮೊಪೆಡ್ಡಿಗೆ ಸಾಲ ಕೊಟ್ಟ ಕಂಪನಿಯಿಂದ ಬಾಕಿ ಇಲ್ಲ ಅಂತ ಒಂದು ಪತ್ರ ತನ್ನಿ. ಮುಂದಿನದು ನಾನು ನೋಡ್ಕೋತೀನಿ."

ಅತ್ತೆ ವಾಪಸು ಹೋಗುವ ಬಸ್ಸು ಹತ್ತಿದರು. ನಾನೂ ಅವರ ಜೊತೆ ಗುಂಡ್ಲುಪೇಟೆಯ ತನಕ ಹೋದೆ. ಬೇಕರಿಯವನು ಹೊಸದಾಗಿ 'ಎಗ್ ಪಪ್ಸು ದೊರೆಯೂತ್ತದೆ' ಎಂದು ಬರೆಸಿದ್ದ. ಅತ್ತೆ ಅದರ ಮುಂದೆಯೇ ನಡೆದು ಹೋದರು, ತಲೆಯೆತ್ತಿ ನೋಡಲಿಲ್ಲ! ನನಗೆ ನಿಜವಾಗಿ ಭಯವಾಗಿದ್ದು ಆಗಲೇ. ಮನೆ ಬಾಗಿಲಿಗೆ ಬಂದ ಮೇಲೆ ಮೆಲ್ಲಗೆ ಅಂದರು, "ಒಂದ್ ಚಾಕ್‌ಪೀಸ್ ತಂದ್ರೂ ಬರ್ದಿಟ್ಟು ವಾಪಸ್ ಕೊಟ್ಟೋಳು ಕಣಮ್ಮಿ ನಾನು. ನನ್ ಎಸ್ರು ಮುಂದೆ ಇಂಗ್ ಬರ್ದವ್ರಲ್ಲ?"

ಸಾಲ ಕೊಟ್ಟಿದ್ದ ಕಂಪನಿಯನ್ನು ಹುಡುಕಿ ಮೈಸೂರಿಗೆ ಹೋದರೆ ಕಂಪನಿಯೇ ಇಲ್ಲ! ಇನ್ಯಾವುದೋ ದೊಡ್ಡ ಕಂಪನಿ ಅದನ್ನು ನುಂಗಿ ನೀರು ಕುಡಿದಿತ್ತು. ಹೊಸ ಕಂಪನಿಯವರು, "ಹಳೇ ಲೆಕ್ಕ ನಮ್ಮಲ್ಲಿಲ್ಲ. ಸಾಲ ತೀರಿದ್ದಕ್ಕೆ ಏನಾದರೂ ದಾಖಲೆ ತನ್ನಿ, ಪತ್ರ ಕೊಡುತ್ತೇವೆ" ಅಂದರು. ಒಂದನೇ ಕ್ಲಾಸಿನ ಮಕ್ಕಳ ಕಾಪಿ ಪುಸ್ತಕವನ್ನೂ ಇಪ್ಪತ್ತು ವರ್ಷ ಜೋಪಾನ ಮಾಡಿದ ಅತ್ತೆ ಕಂತಿನ ರಸೀದಿಗಳನ್ನು ಮಾತ್ರ ವರ್ಗವಾದಾಗ ಕಳೆದುಕೊಂಡಿದ್ದರು. ಉಳಿದಿದ್ದು ಒಂದೇ ದಾರಿ. ಸಾಲ ತೀರಿದಾಗ ಗಾಡಿಯ ಆರ್‌ಸಿ ಪುಸ್ತಕದಲ್ಲಿ ಸಾರಿಗೆ ಕಚೇರಿಯವರು ಸಾಲ ರದ್ದಾದ ಮೊಹರು ಒತ್ತಿರುತ್ತಾರಲ್ಲ? ಆ ಪುಸ್ತಕ ಗಾಡಿಯ ಜೊತೆ, ಗಾಡಿ ಕೊಂಡ ಸಂತೆಮರಹಳ್ಳಿಯ ಸೊಪ್ಪಿನ ವ್ಯಾಪಾರಿಯ ಜೊತೆ!

ಸಂತೆಯ ದಿನ ನೋಡಿಕೊಂಡು ಸಂತೆಮರಹಳ್ಳಿಗೆ ಹೋದೆವು. ಕರಿಬೇವಿನ ಒಂದು ಗುಡ್ಡ ತಾನಾಗಿಯೇ ಚಲಿಸಿಕೊಂಡು ಬರುತ್ತಿತ್ತು. ಕೆಳಗೆ ಎರಡು ಚಕ್ರ ಕಂಡವು. ಅತ್ತೆ "ನನ್ ಗಾಡಿ!" ಎಂದು ಕೂಗಿಬಿಟ್ಟರು. ಗುಡ್ಡದ ಹಿಂದಿನಿಂದ ಒಂದು ಮುಖ ಇಣುಕಿ ಗಾಬರಿಯಾಯಿತು.

"ಟೀಚರಮ್ಮೋರೇ! ಗಾಡಿ ವಾಪಸ್ ಕೇಳಕ್ ಬಂದ್ರಾ? ನಾ ಕೊಡಕಿಲ್ಲ! ಎಡ್ತಿ ಬೇಕಾರ್ ಬುಟ್ಟೇನು, ಗಾಡಿ ಬುಡಕಿಲ್ಲ!"

ಪಕ್ಕದಲ್ಲಿ ಕಂತೆ ಕಟ್ಟುತ್ತಿದ್ದ ಹೆಂಡತಿ ತಲೆಯೆತ್ತದೆ ಹೇಳಿದಳು, "ಬುಟ್ ನೋಡು. ಮುದ್ದೆ ಗಾಡಿಯೇ ತಿರುವಾಕ್ತದಾ ನೋಡ್ಮ."

ವಿಷಯ ತಿಳಿದ ಮೇಲೆ ಆತ ಸಂತೆಯನ್ನು ಹೆಂಡತಿಗೆ ಬಿಟ್ಟು ಮನೆಗೆ ಓಡಿ, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಪುಸ್ತಕ ತಂದ. ಮೂರನೇ ಪುಟದಲ್ಲಿ ನೇರಳೆ ಬಣ್ಣದ ಮೊಹರು, ಸಾಲ ರದ್ದು! ಅತ್ತೆ ಆ ಮೊಹರಿನ ಮೇಲೆ ಬೆರಳಾಡಿಸಿದರು. ಜೆರಾಕ್ಸ್ ಮಾಡಿಸಿ ಪುಸ್ತಕ ಹಿಂದಿರುಗಿಸಿದಾಗ ಸೊಪ್ಪಿನವನು ಎರಡು ಕಟ್ಟು ಕರಿಬೇವು ಕೊಟ್ಟು ದುಡ್ಡು ಮುಟ್ಟಲಿಲ್ಲ.

ಮೈಸೂರಿನಿಂದ ಪತ್ರ ಬರಲು ಮೂರು ವಾರ, ಅದು ಬ್ಯಾಂಕಿನ ಮೂಲಕ ಮುಂಬೈ ಮುಟ್ಟಿ ಕಡತ ತಿದ್ದುಪಡಿಯಾಗಲು ಇನ್ನೊಂದಿಷ್ಟು ವಾರ. ಇತ್ತ ಉಪವಾಸದ ತಿಂಗಳು ಶುರುವಾಯಿತು. ಕೇರಳದವನು ವಾರಕ್ಕೊಮ್ಮೆ ಬಂದು ಮನೆ ಅಳೆದು ಹೋಗುತ್ತಿದ್ದ. ಯಜಮಾನರು ಅವನಿಗೆ ಚಹಾ ಕೊಟ್ಟು "ಹಬ್ಬ ಆಗಲಿ" ಎಂದಷ್ಟೇ ಹೇಳಿ ಕಳಿಸುತ್ತಿದ್ದರು. ಕೊನೆಗೆ ಮುಂಬೈಯಿಂದ ಅತ್ತೆಯ ಹೆಸರಿಗೇ ಒಂದು ಕಾಗದ ಬಂತು. ವಿಳಾಸ ಸರಿಯಿದೆ, ಸಾಲ ಮುಗಿದಿದೆ, ತಾವು ಸ್ತ್ರೀ ಎಂಬುದನ್ನೂ ದಾಖಲಿಸಿಕೊಂಡಿದ್ದೇವೆ ಎಂದಿತ್ತು. ಕಾಗದ ಶುರುವಾಗಿದ್ದು 'ಪ್ರಿಯ ಮಹಾಶಯರೇ' ಎಂದು!

ಹಬ್ಬಕ್ಕೆ ಐದು ದಿನ ಇರುವಾಗ ಮ್ಯಾನೇಜರು ಮಂಜೂರಾತಿ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅತ್ತೆ ಓದಿದರು. ಎರಡನೇ ಸಾಲಿಗೆ ಹುಬ್ಬು ಗಂಟಿಕ್ಕಿತು. ಇಣುಕಿ ನೋಡಿದೆ. ಗುಂಡ್ಲುಪೇಟೆ 'ಗುಂಡುಪೇಟೆ' ಆಗಿತ್ತು! ಕೈ ಬ್ಯಾಗಿಗೆ ಹೋಯಿತು.

"ಅತ್ತೆ, ದಮ್ಮಯ್ಯ!" ಎಂದು ಕೈ ಹಿಡಿದುಕೊಂಡೆ. "ಇದೊಂದನ್ನ ಬಿಟ್ಟುಬಿಡಿ! ಇದನ್ನ ತಿದ್ದಿದ್ರೆ ಮನೆ ತರಕಾರಿ ಗೋದಾಮು ಆಗುತ್ತೆ!"

ಅತ್ತೆ ನನ್ನನ್ನೂ ಪತ್ರವನ್ನೂ ನೋಡಿದರು. ಕೊನೆಗೆ ಬ್ಯಾಗಿನ ಜಿಪ್ ಎಳೆದರು.

"ಪಾಸ್ ಮಾಡಿವ್ನಿ ಕಣಮ್ಮಿ, ನಡಿ."

ನೋಂದಣಿಯಾದ ದಿನ ಯಜಮಾನರು ಬೀಗದ ಕೈ ಕೊಟ್ಟು, ಹಬ್ಬದ ಶಾವಿಗೆ ಪಾಯಸದ ಡಬ್ಬಿಯನ್ನೂ ಕೊಟ್ಟು ಹೋದರು. ಒಂಬತ್ತು ವರ್ಷದಿಂದ ಅತ್ತೆ ವಾಸವಿದ್ದ ಮನೆಯೇ ಅದು. ಪಾತ್ರೆ, ಮಂಚ, ಪುಸ್ತಕ ಯಾವುದೂ ಕದಲಬೇಕಿರಲಿಲ್ಲ. ನಾನು ಅಡುಗೆಮನೆಯಲ್ಲಿ ಪಾಯಸ ಬಗ್ಗಿಸುತ್ತಿದ್ದೆ. ಹಜಾರದಿಂದ ಟಕ್ ಟಕ್ ಎಂಬ ಸದ್ದು ಕೇಳಿ ಹೊರಗೆ ಬಂದೆ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲಿನ ಮೇಲೆ ನಿಂತು, ಎದುರು ಗೋಡೆಯ ನಟ್ಟನಡುವೆ ಮೊಳೆ ಹೊಡೆಯುತ್ತಿದ್ದರು. ಸುಣ್ಣದ ಪುಡಿ ಕೂದಲ ಮೇಲೆಲ್ಲ ಉದುರಿತ್ತು.

"ಏನು ನೇತುಹಾಕ್ತೀರಿ ಅತ್ತೆ? ಕೊಡಿ, ಹಿಡ್ಕೋತೀನಿ."

"ಏನೂ ಇಲ್ಲ ಕಣಮ್ಮಿ." ಅತ್ತೆ ಇಳಿಯಲಿಲ್ಲ. "ಇಪ್ಪತ್ತಾರು ವರ್ಸದಲ್ಲಿ ಏಳು ಬಾಡ್ಗೆ ಮನೆ. ಒಳೀಕ್ ಕಾಲಿಡಕ್ ಮುಂಚೆ ಎಲ್ರೂ ಅದೇ ಯೋಳರು, ಗೋಡೆಗೆ ಮೊಳೆ ಒಡೀಬೇಡಿ ಅಂತ. ಅದ್ಕೇ ಒಡ್ದೆ."

ಇನ್ನೊಂದು ಏಟು ಹಾಕಿ, ಸೆರಗಿನಲ್ಲಿ ಮುಖ ಒರೆಸಿಕೊಂಡರು. ಒರೆಸಿಕೊಂಡಿದ್ದು ಸುಣ್ಣವನ್ನಲ್ಲ. ಆಮೇಲೆ ಸುತ್ತಿಗೆಯನ್ನು ನನ್ನತ್ತ ಚಾಚಿದರು.

"ನೀನೂ ಒಂದ್ ಒಡಿ, ಬಾ. ಎಲ್ ಬೇಕಾರೂ ಒಡಿ."